ಅಮ್ಮ, ನಿನ್ನ ರೈಲು ಎಲ್ಲಿ?

ಹೋದ ತಿಂಗಳು ಮಗ ಸ್ಕೂಲಿನಿಂದ ಒಂದು ಚಿತ್ರ ತಂದ. ಒಂದನೇ ಕ್ಲಾಸು. ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ, ಬರೆದು ತೋರಿಸಿ ಎಂದು ಟೀಚರ್ ಹೇಳಿದ್ದರಂತೆ. ಹಾಳೆಯ ಎಡಗಡೆ ಅವರಪ್ಪ. ಎದುರಿಗೆ ಕಂಪ್ಯೂಟರ್, ಕೈಯಲ್ಲಿ ಕಾಫಿ ಲೋಟ. ಅದು ಸರಿಯಾಗಿಯೇ ಇತ್ತು. ಬಲಗಡೆ ನಾನು. ಜಡೆ ಇದೆ, ಹಣೆಯಲ್ಲಿ ಕೆಂಪು ಚುಕ್ಕಿ ಇದೆ. ಆದರೆ ಕೂತಿರುವುದು ಒಂದು ಹಳದಿ ರೈಲಿನ ಕಿಟಕಿಯಲ್ಲಿ. ಒಂದು ಕೈ ಹೊರಗೆ ಹಾಕಿ ಟಾಟಾ ಮಾಡುತ್ತಿದ್ದೇನೆ. ನನ್ನ ಹಿಂದೆ ಡಬ್ಬಿಗಳು. ಹಾಳೆ ಮುಗಿಯುವವರೆಗೂ ಡಬ್ಬಿಗಳು. ಜಾಗ ಸಾಲದೆ ಹಾಳೆಯ ಹಿಂಬದಿಯಲ್ಲೂ ನಾಲ್ಕು.

"ಇದೇನೋ ಪುಟ್ಟ?" ಎಂದೆ.

"ನೀನು ಎಂಜಿನಿಯರ್ ಅಲ್ವಾ?" ಎಂದ. ಆಮೇಲೆ ಬಹಳ ದಿನದಿಂದ ಕೇಳಬೇಕೆಂದಿದ್ದವನ ಹಾಗೆ, "ಅಮ್ಮ, ನಿನ್ನ ರೈಲು ಎಲ್ಲಿ? ನಂಗೆ ಒಂದ್ಸಲಾನೂ ತೋರಿಸಿಲ್ಲ ನೀನು" ಎಂದು ಮುಖ ಊದಿಸಿಕೊಂಡ.

ತಪ್ಪು ಅವನದಲ್ಲ. ಪಕ್ಕದ ಮನೆಯ ರೈಲು ತಾತನದು. ತಾತನಿಗೆ ಬೇರೆ ಹೆಸರಿದೆ, ಆದರೆ ನಮ್ಮ ಮನೆಯಲ್ಲಿ ಅವರು ರೈಲು ತಾತನೇ. ಎಪ್ಪತ್ತು ದಾಟಿದೆ. ಮೂವತ್ತು ವರ್ಷಕ್ಕೂ ಜಾಸ್ತಿ ಗೂಡ್ಸ್ ರೈಲು ಬಿಟ್ಟವರು. ನಾವಿರುವುದು ಲಂಡನ್ನಿನಲ್ಲಿ. ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಂಡನ್. (ಊರಿನವರಿಗೆ ಇದನ್ನು ಬಿಡಿಸಿ ಹೇಳಿ ಹೇಳಿ ಸಾಕಾಗಿದೆ. ಇಲ್ಲೂ ಒಂದು ಥೇಮ್ಸ್ ನದಿ ಇದೆ ಎಂದರಂತೂ ಸುಮ್ನೆ ಬಿಡ್ತಾಳೆ ಅಂದುಕೊಳ್ಳುತ್ತಾರೆ.) ಊರಿನ ನಡುವೆಯೇ ರೈಲು ಹಳಿ ಹಾದುಹೋಗುತ್ತದೆ. ಗೇಟು ಬಿತ್ತೆಂದರೆ ಕಾರು ಆಫ್ ಮಾಡಿ ಕೂರಬೇಕು, ಗೂಡ್ಸ್ ಬಂಡಿ ಎರಡು ಮೂರು ಕಿಲೋಮೀಟರ್ ಉದ್ದ ಇರುತ್ತದೆ. ಮಗ ಡಬ್ಬಿ ಎಣಿಸುತ್ತಾನೆ. ಅವನ ದಾಖಲೆ 142.

ಗೇಟಿನ ಹತ್ತಿರ ರೈಲು ಹೇಗೆ ಹಾರ್ನ್ ಹೊಡೆಯಬೇಕು ಎಂದು ಅವನಿಗೆ ಕಲಿಸಿದವರು ತಾತ. ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಪೋಂ, ಪೋಂ, ಪೊಂ, ಪೋಂ. ಅದು ಸುಮ್ಮನೆ ಹೊಡೆಯುವುದಲ್ಲ, ಹಾಗೇ ಹೊಡೆಯಬೇಕು ಎಂದು ನಿಯಮ ಇದೆಯಂತೆ. ಈಗ ಬಚ್ಚಲುಮನೆ ಬಾಗಿಲು ತಟ್ಟುವುದಕ್ಕೂ ಇವನದು ಅದೇ ತಾಳ.

ಇಲ್ಲಿ, ಅಮೆರಿಕಾದಲ್ಲೂ, ರೈಲು ಬಿಡುವವರನ್ನು ಎಂಜಿನಿಯರ್ ಎನ್ನುತ್ತಾರೆ. ಹುದ್ದೆಯ ಪೂರ್ತಿ ಹೆಸರು ಲೋಕೋಮೋಟಿವ್ ಎಂಜಿನಿಯರ್. ತಾತ ಒಂದು ದಿನ ಬೇಲಿಯ ಆಚೆಯಿಂದ ನನ್ನ ಮಗನಿಗೆ "ನಾನೂ ಎಂಜಿನಿಯರ್, ನಿಮ್ಮಮ್ಮನೂ ಎಂಜಿನಿಯರ್" ಎಂದಿದ್ದಾರೆ. ಎಂಜಿನ್ ನಡೆಸುವವರು ಎಂಜಿನಿಯರ್. ಆರು ವರ್ಷದವನಿಗೆ ಇನ್ನೇನು ಬೇಕು? ಉಳಿದದ್ದನ್ನು ಅವನೇ ಕ್ರೇಯಾನ್‌ನಲ್ಲಿ ತುಂಬಿದ.

ನಮ್ಮ ಕಡೆ ಈ ಗೊಂದಲವೇ ಇಲ್ಲ. ಬ್ರಿಟಿಷರು ಡ್ರೈವರ್ ಎಂದರು, ನಾವೂ ಡ್ರೈವರ್ ಎಂದೆವು. ಈಗ ಅವರೆಲ್ಲ ಲೋಕೋ ಪೈಲಟ್ ಆಗಿದ್ದಾರೆ. ನಮ್ಮಲ್ಲಿ ಬಡ್ತಿ ಮೊದಲು ಬರುವುದು ಹೆಸರಿಗೆ, ಆಮೇಲೆ ಸಂಬಳಕ್ಕೆ. ಅತ್ತ ಇಂಗ್ಲೆಂಡಿನಲ್ಲಿರುವ ನಾದಿನಿ ಫೋನಿನಲ್ಲಿ, "ಬಾಯ್ಲರ್ ಕೆಟ್ಟಿದೆ ಅತ್ತಿಗೆ, ಎಂಜಿನಿಯರ್ ಬರ್ತಾರೆ ಅಂತ ಕಾಯ್ತಾ ಕೂತಿದೀನಿ" ಎನ್ನುತ್ತಾಳೆ. ಅಲ್ಲಿ ವಾಷಿಂಗ್ ಮೆಷಿನ್ ರಿಪೇರಿಗೆ ಬರುವವನೂ ಎಂಜಿನಿಯರೇ. ನಮ್ಮತ್ತೆಗೆ ಇದು ತಿಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಮಗನ ಫೀಸಿಗೆ ಅವರು ಮಾರಿದ್ದು ಒಂದು ಸೈಟು.

ಚಿತ್ರ ನೋಡಿ ನಾನು ನಕ್ಕೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಆದರೆ ಆ ವಾರ ನಗು ಪೂರ್ತಿ ಬರಲಿಲ್ಲ. ಯಾಕೆಂದರೆ ಎರಡು ದಿನ ಮುಂಚೆ ಆಫೀಸಿನಲ್ಲಿ ಒಂದು ಪ್ರಸಂಗ ನಡೆದಿತ್ತು.

ನಮ್ಮದು ಚಿಕ್ಕ ಆಫೀಸು. ಹಳ್ಳಿ ಕಡೆಯ ರಸ್ತೆಗಳಿಗೆ ಮೋರಿ, ಸಣ್ಣ ಸೇತುವೆ ಡಿಸೈನ್ ಮಾಡಿಕೊಡುತ್ತೇವೆ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಇದೇ ಕೆಲಸ ಮಾಡಿ ಬಂದವಳು ನಾನು. ಇಲ್ಲಿ ನನ್ನ ಹುದ್ದೆಯ ಹೆಸರು ಡಿಸೈನರ್. ಮೊನ್ನೆ ಹೊಸ ಲ್ಯಾಪ್‌ಟಾಪ್ ಕೊಟ್ಟರು. ಮೇಲ್‌ನ ಕೆಳಗೆ ಹೆಸರು, ಹುದ್ದೆ ಎಲ್ಲಾ ಮತ್ತೆ ಟೈಪ್ ಮಾಡಬೇಕಿತ್ತು. ಕೈಗೆ ಹಳೇ ಅಭ್ಯಾಸ. ಹೆಸರಿನ ಕೆಳಗೆ ‘ಸ್ಟ್ರಕ್ಚರಲ್ ಎಂಜಿನಿಯರ್’ ಎಂದು ತಾನೇ ಹೊಡೆಯಿತು. ನಾನು ಗಮನಿಸಲೂ ಇಲ್ಲ. ಆ ಸಹಿಯೊಂದಿಗೆ ಎರಡು ಮೇಲ್ ಗ್ರಾಹಕರಿಗೆ ಹೋದವು.

ಮಧ್ಯಾಹ್ನ ಬಾಸ್ ಬಂದು ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಒಳ್ಳೆಯ ಮನುಷ್ಯ. ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ ಮೊದಲು ಹವಾಮಾನದ ವಿಷಯ ಎತ್ತಿದರು. ಆಮೇಲೆ, "ನಿನ್ನ ಕೆಲಸದ ಬಗ್ಗೆ ನನಗೆ ಏನೂ ದೂರಿಲ್ಲ. ಆ ಒಂದು ಪದ ಮಾತ್ರ ತೆಗೆದುಬಿಡು" ಎಂದರು.

ಒಂಟಾರಿಯೋದಲ್ಲಿ ಎಂಜಿನಿಯರ್ ಎನ್ನುವುದು ಸುಮ್ಮನೆ ಓದಿದವರೆಲ್ಲ ಹಾಕಿಕೊಳ್ಳುವ ಪದವಲ್ಲ. ಅದಕ್ಕೆ ಕಾನೂನಿದೆ. 1922ರಲ್ಲಿ ಹುಟ್ಟಿದ ಒಂದು ಸಂಸ್ಥೆ ಲೈಸೆನ್ಸ್ ಕೊಡುತ್ತದೆ. ಓದು, ನಾಲ್ಕು ವರ್ಷದ ಅನುಭವ, ಕಾನೂನು ಮತ್ತು ನೀತಿಯ ಮೇಲೆ ಒಂದು ಪರೀಕ್ಷೆ. ಇವೆಲ್ಲ ಆದ ಮೇಲೆ ಲೈಸೆನ್ಸ್ ಮತ್ತು ಒಂದು ದುಂಡು ಮುದ್ರೆ. ಅಲ್ಲಿಯವರೆಗೆ ಹಾಗೆ ಹೇಳಿಕೊಂಡರೆ ದಂಡ. ಮೊದಲು ಇನ್ನೊಂದು ಷರತ್ತೂ ಇತ್ತು, ಕನಿಷ್ಠ ಒಂದು ವರ್ಷದ ಅನುಭವ ಕೆನಡಾದಲ್ಲೇ ಆಗಿರಬೇಕು ಎಂದು. ಕೆಲಸ ಸಿಗಲು ಅನುಭವ ಬೇಕು, ಅನುಭವ ಸಿಗಲು ಕೆಲಸ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಹಾಗೆ. ಆ ಷರತ್ತನ್ನು 2023ರಲ್ಲಿ ತೆಗೆದರು. ನನ್ನ ಅರ್ಜಿ ಹೋಗಿದೆ. ಪರೀಕ್ಷೆ ಇನ್ನೂ ಬಾಕಿ.

ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಬ್ಯಾಕ್‌ಸ್ಪೇಸ್ ಒತ್ತಿ ಒಂದೊಂದೇ ಅಕ್ಷರ ಅಳಿಸುವಾಗ ಕಿವಿ ಬಿಸಿಯಾಯಿತು. ಬಾಸ್ ಇನ್ನೂ ಪಕ್ಕದಲ್ಲೇ ಇದ್ದರು, ಪಾಪ, ಕಿಟಕಿ ಕಡೆ ನೋಡುತ್ತಿದ್ದರು.

ಒಂದು ಲೆಕ್ಕದಲ್ಲಿ ನೋಡಿದರೆ ತಮಾಷೆಯೇ. ರೈಲು ತಾತ ಎಂಜಿನಿಯರ್. ದೊಡ್ಡ ಕಟ್ಟಡಗಳ ಬಾಯ್ಲರ್ ನೋಡಿಕೊಳ್ಳುವವರು ಇಲ್ಲಿ ಆಪರೇಟಿಂಗ್ ಎಂಜಿನಿಯರ್, ಅವರಿಗೆ ಅವರದೇ ಲೈಸೆನ್ಸ್. ಮೋರಿಯ ಕಬ್ಬಿಣ ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕುವ ನಾನು ಅಲ್ಲ. ಇನ್ನೂ ಒಂದು ವಿಷಯ. ಇಲ್ಲಿ ಟ್ಯಾಕ್ಸಿ ಹತ್ತಿದರೆ ಬಿಡುವವರು ಒಮ್ಮೊಮ್ಮೆ ನಮ್ಮ ಕಡೆಯಿಂದ ಬಿ.ಇ. ಮುಗಿಸಿ ಬಂದವರು. ರೈಲು ಬಿಟ್ಟವರು ಎಂಜಿನಿಯರ್ ಆಗುವ ಊರಿನಲ್ಲಿ ಎಂಜಿನಿಯರ್ ಓದಿದವರು ಟ್ಯಾಕ್ಸಿ ಬಿಟ್ಟು ಡ್ರೈವರ್ ಆಗಿದ್ದಾರೆ.

ನಮ್ಮೆಜಮಾನರಿಗೂ ಇದೇ ಪಾಡು, ಆದರೆ ಅವರಿಗೆ ಬೇಜಾರಿಲ್ಲ. ಬೆಂಗಳೂರಿನಲ್ಲಿ ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್, ಇಲ್ಲಿ ಬರೀ ಡೆವಲಪರ್. ಆಲ್ಬರ್ಟಾ ಪ್ರಾಂತ್ಯದಲ್ಲಿ ಇದೇ ವಿಷಯಕ್ಕೆ ಕೋರ್ಟು ಕಚೇರಿ ಎಲ್ಲ ಆಗಿ, 2023ರಲ್ಲಿ ಸರ್ಕಾರವೇ ಕಾನೂನು ತಿದ್ದಿ ಸಾಫ್ಟ್‌ವೇರ್‌ನವರು ಆ ಪದ ಬಳಸಬಹುದು ಎಂದಿತು. ಅಂದಿನಿಂದ ಇವರದು ಒಂದೇ ಹಾಡು. "ಬಾರೇ, ಕ್ಯಾಲ್ಗರಿಗೆ ಹೋಗಿಬಿಡೋಣ. ವಿಮಾನ ಇಳಿದ ತಕ್ಷಣ ನಾನು ಎಂಜಿನಿಯರ್."

ಬಾಸ್ ಎದ್ದು ಹೋದ ಮೇಲೂ ನನ್ನ ಕಣ್ಣು ಅವರ ಬಲಗೈ ಕಿರುಬೆರಳಿನ ಮೇಲೇ ಇತ್ತು. ಅಲ್ಲಿ ಒಂದು ಉಂಗುರ ಇದೆ. ಚಿನ್ನವಲ್ಲ, ಬೆಳ್ಳಿಯಲ್ಲ. ಕಬ್ಬಿಣದ್ದು. ನಮ್ಮಲ್ಲಿ ಶನಿ ಕಾಟಕ್ಕೆ ಹಾಕಿಕೊಳ್ಳುತ್ತಾರಲ್ಲ, ಮೊದಲ ದಿನ ಅದೇ ಇರಬೇಕು ಎಂದುಕೊಂಡಿದ್ದೆ. ಅಂಚು ನುಣುಪಾಗಿಲ್ಲ, ಸುತ್ತಿಗೆಯಲ್ಲಿ ಬಡಿದ ಹಾಗೆ ಮುಖ ಮುಖ. ಅವರು ಡ್ರಾಯಿಂಗ್ ಮೇಲೆ ಕೈಯಿಟ್ಟು ತಿದ್ದುವಾಗ ಅದು ಕಾಗದಕ್ಕೆ ಉಜ್ಜಿ ಸರಕ್ ಸರಕ್ ಅನ್ನುತ್ತದೆ. ಉಜ್ಜಲಿ ಎಂದೇ ಬರೆಯುವ ಕೈಯ ಕಿರುಬೆರಳಿಗೆ ಹಾಕುವುದಂತೆ.

ಕೆನಡಾದಲ್ಲಿ ಎಂಜಿನಿಯರಿಂಗ್ ಮುಗಿಸುವವರಿಗೆ ಒಂದು ಪ್ರತಿಜ್ಞೆಯ ಸಮಾರಂಭ ಇದೆ. ಅದರ ಮಾತುಗಳನ್ನು ಬರೆದುಕೊಟ್ಟವರು ನಮ್ಮ ಮುಂಬಯಿಯಲ್ಲೇ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್. ಮೊದಲ ಸಲ ನಡೆದದ್ದು 1925ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅಲ್ಲಿ ಕೊಡುವ ಉಂಗುರ ಇದು. ಅದಕ್ಕೂ ಲೈಸೆನ್ಸಿಗೂ ಸಂಬಂಧವಿಲ್ಲ, ಕಾನೂನಿನ ಪ್ರಕಾರ ಅದು ಬರೀ ಉಂಗುರ.

ಆ ಉಂಗುರದ ಮಾತು ಬಂದಾಗೆಲ್ಲ ಇಲ್ಲಿನವರು ಕ್ವೆಬೆಕ್ ಸೇತುವೆಯ ಕಥೆ ಹೇಳುತ್ತಾರೆ. ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಭಾರೀ ಉಕ್ಕಿನ ಸೇತುವೆ. 1907ರ ಆಗಸ್ಟ್ 29ರಂದು, ಸಂಜೆ ಕೆಲಸ ಬಿಡುವ ಹೊತ್ತಿಗೆ ಕುಸಿಯಿತು. 75 ಜನ ಸತ್ತರು. ಅವರಲ್ಲಿ ಸುಮಾರು ಮೂವತ್ತು ಜನ ಮಾಂಟ್ರಿಯಲ್ ಹತ್ತಿರದ ಕಾನವಾಗೆ ಎಂಬ ಮೋಹಾಕ್ ಮೂಲನಿವಾಸಿಗಳ ಒಂದೇ ಹಳ್ಳಿಯವರು. ಉಕ್ಕಿನ ತೊಲೆಗಳು ಬಾಗುತ್ತಿರುವುದು ವಾರಗಳ ಮುಂಚೆಯೇ ಕಂಡಿತ್ತು. ಕಾಗದಗಳು ಓಡಾಡಿದವು. ಇದಕ್ಕೆಲ್ಲ ಹಿರಿಯರಾದ ಎಂಜಿನಿಯರ್ ಕೂತಿದ್ದು ದೂರದ ನ್ಯೂಯಾರ್ಕಿನಲ್ಲಿ. ಕೊನೆಗೆ ಅವರು ಇನ್ನು ಭಾರ ಹೇರಬೇಡಿ ಎಂದು ಟೆಲಿಗ್ರಾಂ ಕಳಿಸಿದ್ದು ಸೇತುವೆಯ ಜಾಗಕ್ಕಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಉಕ್ಕಿನ ಕಂಪನಿಗೆ. ಅದು ಮುಂದಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮತ್ತೆ ಕಟ್ಟಿದರು. 1916ರಲ್ಲಿ ನಡುವಿನ ಭಾಗ ಮೇಲೆತ್ತುವಾಗ ನದಿಗೆ ಬಿತ್ತು, ಇನ್ನೂ 13 ಜನ ಹೋದರು. ಮರುವರ್ಷ ಸೇತುವೆ ನಿಂತಿತು. ಎರಡೂ ಕಡೆಯಿಂದ ತೋಳು ಚಾಚಿದ ಹಾಗೆ ಕಟ್ಟುವ ಕ್ಯಾಂಟಿಲಿವರ್ ಜಾತಿಯ ಸೇತುವೆಗಳಲ್ಲಿ ಇವತ್ತಿಗೂ ಅದರದೇ ನಡುಗಂಡಿ ದೊಡ್ಡದು, 549 ಮೀಟರ್.

ಬಿದ್ದ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನು ಮಾಡಿದರು ಎಂದು ಜನ ನಂಬುತ್ತಾರೆ. ಅದು ನಿಜವಲ್ಲ. ಆದರೆ ನನಗೆ ಆ ಸುಳ್ಳೇ ಇಷ್ಟ. ಬಿದ್ದದ್ದನ್ನು ಬೆರಳಿಗೆ ಹಾಕಿಕೊಂಡು ಓಡಾಡುವುದು ಎಂದರೆ ಏನು! ನಾವು ಬಿದ್ದ ಸೇತುವೆಯ ಕಬ್ಬಿಣ ಗುಜರಿಗೆ ಹಾಕಿ, ಸೇತುವೆಯ ಹೆಸರು ಮರೆತುಬಿಡುತ್ತೇವೆ.

ಇಲ್ಲ, ಮರೆಯುವುದಿಲ್ಲ. ಕಲ್ಲು ಇರುತ್ತದೆ.

ನಮ್ಮೂರು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲು. ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದರು. ಊರಿನ ಬಾಗಿಲಲ್ಲಿ ಹಳ್ಳಕ್ಕೆ ಒಂದು ಮೋರಿ ಕಟ್ಟಿದ್ದರು. ಎರಡು ಮಳೆಗಾಲ ಕಂಡಿತು. ಮೂರನೆಯದರಲ್ಲಿ ಕೊಚ್ಚಿಹೋಯಿತು. ಉದ್ಘಾಟನೆಯ ಕಲ್ಲು ಮಾತ್ರ ಅಲ್ಲೇ ನಿಂತಿದೆ, ಕರೀ ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ. ಉದ್ಘಾಟನೆ ಯಾರು, ಅಧ್ಯಕ್ಷತೆ ಯಾರು, ಘನ ಉಪಸ್ಥಿತಿ ಯಾರು ಎಂದು ಹನ್ನೊಂದು ಹೆಸರು. ಕಾಲೇಜಿನಿಂದ ರಜಕ್ಕೆ ಬಂದಾಗ ಎಣಿಸಿದ್ದೆ. ಮೋರಿಯ ಲೆಕ್ಕ ಹಾಕಿದವರು ಯಾರು ಎನ್ನುವುದು ಇರಲಿಲ್ಲ. ನೀರು ಎಷ್ಟು ಬರುತ್ತದೆಂದು ಯಾರಾದರೂ ಲೆಕ್ಕ ಹಾಕಿದ್ದರೋ ಇಲ್ಲವೋ. ಆ ಮೋರಿಗೆ ಮೂರಡಿ ಪೈಪು ಎರಡು ಸಾಲು ಹಾಕಿದ್ದರು. ಆ ಹಳ್ಳಕ್ಕೆ ಅದು ಸಾಲದು ಎಂದು ಅಪ್ಪ ಪೈಪು ಇಳಿಸಿದ ದಿನವೇ ಹೇಳಿದ್ದ.

ಅಪ್ಪ ನೀರುಗಂಟಿ. ಊರಿನ ಪಾಲಿನ ನೀರಿಗೆ ತೂಬು ಎತ್ತುವುದು, ಇಳಿಸುವುದು, ಕೊನೇ ಗದ್ದೆಯವರೆಗೆ ನೀರು ಮುಟ್ಟಿಸುವುದು. ಬೇಸಿಗೆಯಲ್ಲಿ ಕಟ್ಟು ಪದ್ಧತಿಯ ನೀರು. ಇಷ್ಟು ದಿನ ಬಿಟ್ಟರೆ ಇಷ್ಟು ದಿನ ಇಲ್ಲ. ಆಗ ಅವನಿಗೆ ರಾತ್ರಿ ಹಗಲು ಇರುತ್ತಿರಲಿಲ್ಲ. ನಾಲೆಯ ಸದ್ದು ಕೇಳಿಯೇ ನೀರು ಎಷ್ಟಿದೆ ಎಂದು ಹೇಳುತ್ತಿದ್ದ. ಕೆಆರ್‌ಎಸ್ ತುಂಬಿದರೆ 124.80 ಅಡಿ, ಅದು ನಮ್ಮ ಮನೆಯಲ್ಲಿ ಮಗ್ಗಿಗಿಂತ ಮೊದಲು ಕಲಿತ ಸಂಖ್ಯೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಉಪನಾಲೆಯ ಏರಿ ಒಡೆಯಿತು. ಏಡಿ ಬಿಲ ತೋಡಿ ತೋಡಿ ಏರಿಯೊಳಗೆ ತೂತು ಬಿದ್ದಿದೆ, ನೀರು ಜಿನುಗುತ್ತಿದೆ ಎಂದು ಅಪ್ಪ ಹದಿನೈದು ದಿನದಿಂದ ಹೇಳುತ್ತಲೇ ಇದ್ದ. ಅವತ್ತು ಹತ್ತು ಹನ್ನೆರಡು ಜನ ಸೇರಿ ಮರಳಿನ ಮೂಟೆ, ಹುಲ್ಲಿನ ಹೊರೆ, ಬೇಲಿ ಸೊಪ್ಪು, ಕೈಗೆ ಸಿಕ್ಕಿದ್ದೆಲ್ಲ ತಂದು ಅಡ್ಡ ಹಾಕಿದರು. ಅಮ್ಮ ಲಾಟೀನು ಹಿಡಿದು ನಿಂತಿದ್ದಳು. ನಾನು ಅಮ್ಮನ ಸೆರಗು ಹಿಡಿದಿದ್ದೆ. ಬೆಳಗಿನ ಜಾವಕ್ಕೆ ನೀರು ನಿಂತಿತು. ಅಪ್ಪನ ಮೈಯಲ್ಲಿ ಕೆಸರಿಲ್ಲದ ಜಾಗ ಎಂದರೆ ಕಣ್ಣು ಎರಡು.

ಮಾರನೇ ದಿನ ಮಧ್ಯಾಹ್ನ ಜೀಪು ಬಂತು. ಎಂಜಿನಿಯರ್ ಸಾಹೇಬರು ಇಳಿದರು. ಬಿಳೀ ಅಂಗಿ, ಕೈಯಲ್ಲಿ ಡೈರಿ. ಅಪ್ಪ ಹೆಗಲ ಮೇಲಿನ ಟವಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ. ಕೆಟ್ಟವರೇನಲ್ಲ ಅವರು. ಅಪ್ಪನನ್ನು ನಿಲ್ಲಿಸಿ ಎಲ್ಲ ಕೇಳಿದರು. ಯಾಕೆ ಒಡೀತು, ಎಲ್ಲಿಂದ ಶುರುವಾಯ್ತು, ನೀರು ಎಷ್ಟು ಹೋಗಿದೆ. ಅಪ್ಪ ಹೇಳುತ್ತಾ ಹೋದ, ಅವರು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಹೋದರು. ಟೀ ಕುಡಿಸಿದರು. ಜೀಪು ಹೊರಟುಹೋಯಿತು. ಅಪ್ಪನ ಮಾತು ಆ ಡೈರಿಯಿಂದ ಯಾರ ಹೆಸರಿನಲ್ಲಿ ಮೇಲಕ್ಕೆ ಹೋಯಿತೋ ದೇವರಿಗೇ ಗೊತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನ ಕಡೆ ತಿರುಗಿ, "ನೀ ಇಂಜಿನೇರ್ ಓದು ಕಣವ್ವ. ಜೀಪ್ನಲ್ಲಿ ಬಂದು ಬರ್ಕೊಂಡು ಹೋಗಂಗೆ" ಎಂದ. ಎಂಜಿನಿಯರ್ ಎಂದರೆ ಅವನಿಗೆ ಅಷ್ಟೇ. ಜೀಪಿನಲ್ಲಿ ಬರುವವರು, ಬರೆದುಕೊಳ್ಳುವವರು. ಕೆಸರು ಮುಟ್ಟದವರು.

ಆ ಸುತ್ತಮುತ್ತ ಎಂಜಿನಿಯರ್ ಎಂಬ ಮಾತಿಗೆ ಇನ್ನೊಂದು ತೂಕವೂ ಇತ್ತು. ಮಂಡ್ಯ ಕಡೆ ಎಷ್ಟೋ ಮನೆಗಳ ಗೋಡೆಯಲ್ಲಿ ದೇವರ ಪಟದ ಪಕ್ಕ ಪೇಟ ಕಟ್ಟಿದ ಒಬ್ಬರ ಪಟ ಇರುತ್ತದೆ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯಿತು. ಸಿಮೆಂಟ್ ಇಲ್ಲ, ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ. ಆಮೇಲೆ ಅವರು ದಿವಾನರೂ ಆದರು, ಸರ್ ಎಂಬ ಬಿರುದೂ ಬಂತು, ಭಾರತರತ್ನವೂ ಬಂತು. ಆದರೆ ನಮ್ಮೂರಿನ ಹಿರಿಯರು ದಿವಾನರು ಎನ್ನುತ್ತಿರಲಿಲ್ಲ, ‘ಇಂಜಿನೇರ್ ವಿಶ್ವೇಶ್ವರಯ್ಯ’ ಎನ್ನುತ್ತಿದ್ದರು. ಕಟ್ಟೆ ಇನ್ನೂ ನಿಂತಿದೆಯಲ್ಲ, ಅದಕ್ಕೆ.

ಅವರಿಗಿಂತ ಮುಂಚೆ ನಮ್ಮ ಜಿಲ್ಲೆಗೆ ಬಂದ ಇನ್ನೊಬ್ಬ ಎಂಜಿನಿಯರ್ ಕೆನಡಾದವರು ಎನ್ನುವುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಜೋಲಿ ದ ಲೋಟ್ಬಿನಿಯೇರ್. ಬ್ರಿಟಿಷ್ ಸೇನೆಯ ಎಂಜಿನಿಯರ್. ಇವರ ತಂದೆ ಕ್ವೆಬೆಕ್ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಆಗಿದ್ದವರು. ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದಾಗ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸುವ ಯೋಜನೆ ಮಾಡಿದವರು ಇವರೇ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ಟರು. ಇದನ್ನು ನಮ್ಮ ಬಾಸ್‌ಗೆ ಹೇಳಿದೆ. "ಹೌದಾ? ಅವರಿಗೆ ನಿಮ್ಮ ಕಡೆ ಲೈಸೆನ್ಸ್ ಕೇಳಿದರಾ?" ಎಂದರು. ನಾವಿಬ್ಬರೂ ಜೋರಾಗಿ ನಕ್ಕೆವು. ಆ ಮೇಲ್ ಪ್ರಸಂಗ ಆದ ಮೇಲೆ ನಾವು ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಈ ಪದದ ಹುಟ್ಟು ಬೇರೆ. ಎಂಜಿನ್ ಎಂದರೆ ಹೊಗೆ ಬಿಡುವ ಎಂಜಿನ್ ಅಲ್ಲ. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ ಹುಟ್ಟುಜಾಣ್ಮೆ ಎಂಬ ಅರ್ಥ. ಕೋಟೆಗೆ ಕಲ್ಲು ಬೀರುವ ಯಂತ್ರ ಮಾಡುತ್ತಿದ್ದವರಿಗೆ ಮೊದಲು ಆ ಹೆಸರಿತ್ತು. ಯುದ್ಧದ ಕೆಲಸವಲ್ಲ, ಊರಿನ ಕೆಲಸ ಎಂದು ಬೇರೆ ತೋರಿಸಲು 1700ರ ದಶಕಗಳಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ತನ್ನನ್ನು ಸಿವಿಲ್ ಎಂಜಿನಿಯರ್ ಎಂದು ಕರೆದುಕೊಂಡ. ಹುಟ್ಟುಜಾಣ್ಮೆ ಎಂಬುದೇ ಲೆಕ್ಕವಾದರೆ ಏಡಿ ಬಿಲ ನೋಡಿ ಏರಿಯ ಆಯಸ್ಸು ಹೇಳಿದವನನ್ನು ಏನೆಂದು ಕರೆಯಬೇಕು? ನಮ್ಮ ಸರ್ಕಾರಿ ಕನ್ನಡದಲ್ಲಿ ಅಭಿಯಂತರ ಎಂಬ ಪದ ಇದೆ. ಬೋರ್ಡಿನ ಆಚೆ ಅದನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ಅಪ್ಪನಿಗೆ ಅದು ಯಾವುದೋ ಕಾಯಿಲೆಯ ಹೆಸರಿನ ಹಾಗೆ ಕೇಳಿಸುತ್ತಿತ್ತು.

ನನ್ನ ಮದುವೆ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಕಂಸದಲ್ಲಿ ‘ಬಿ.ಇ., ಸಿವಿಲ್’ ಎಂದು ಹಾಕಿಸಿದ್ದ ಅಪ್ಪ. ಗಂಡಿನ ಹೆಸರಿಗಿಂತ ಅದೇ ದಪ್ಪಗಿತ್ತು. ಪ್ರೆಸ್ಸಿನವನ ತಪ್ಪು ಎಂದು ನಮ್ಮತ್ತೆಗೆ ಹೇಳಿದ್ದೆವು. ಪ್ರೆಸ್ಸಿನವನ ತಪ್ಪಲ್ಲ.

ಇಲ್ಲಿ ಎಲ್ಲ ಸರಿ ಇದೆ ಎಂದು ಹೇಳುತ್ತಿಲ್ಲ. ಲೈಸೆನ್ಸ್ ಇದ್ದವರು ಕಟ್ಟಿದ್ದೂ ಇಲ್ಲಿ ಸೋರುತ್ತದೆ, ಬಿರುಕು ಬಿಡುತ್ತದೆ. ಹೊರಗಿನಿಂದ ಬಂದವರನ್ನು ಬಾಗಿಲಲ್ಲಿ ಕಾಯಿಸುವುದಕ್ಕೂ ಈ ಪದ ಚೆನ್ನಾಗಿ ಕೆಲಸಕ್ಕೆ ಬಂದಿದೆ. ಆದರೆ ಮೋರಿಯ ಡ್ರಾಯಿಂಗ್ ಮೇಲೆ ಬಾಸ್ ತಮ್ಮ ದುಂಡು ಮುದ್ರೆ ಹಾಕುವ ಗಳಿಗೆ ನೋಡಬೇಕು. ಲೆಕ್ಕ ನನ್ನದು. ಆದರೂ ಅವರು ಮೊದಲಿನಿಂದ ಮತ್ತೆ ನೋಡುತ್ತಾರೆ. ನೂರು ವರ್ಷಕ್ಕೊಮ್ಮೆ ಬರುವ ನೀರಿನ ಲೆಕ್ಕದ ಹತ್ತಿರ ಪೆನ್ಸಿಲ್ ನಿಲ್ಲಿಸಿ, "ಈ ಅಂಕಿ ಎಲ್ಲಿಂದ ಬಂತು?" ಎನ್ನುತ್ತಾರೆ. ನಾನು ತೋರಿಸುತ್ತೇನೆ. ಆಮೇಲೆ ಒಂದು ನಿಮಿಷ ಸುಮ್ಮನೆ ಕೂರುತ್ತಾರೆ. ಅವರ ಹೆಸರು, ದಿನಾಂಕ ಅದರ ಮೇಲೆ ಉಳಿಯುತ್ತದೆ. ಮೋರಿ ಬಿದ್ದರೆ ಆ ಹೆಸರನ್ನು ಹುಡುಕಿಕೊಂಡು ಬರುತ್ತಾರೆ. ಬೆಂಗಳೂರಿನ ಒಂಬತ್ತು ವರ್ಷದಲ್ಲಿ ನಾನು ಎಂಜಿನಿಯರ್ ಎಂದು ಸಾವಿರ ಸಲ ಸಹಿ ಮಾಡಿರಬಹುದು. ಒಂದು ಸಲವೂ ನನ್ನ ಕೈ ಹಾಗೆ ನಿಂತಿರಲಿಲ್ಲ. ಇದು ನನಗೆ ಹೇಳಿಕೊಳ್ಳಲು ಇಷ್ಟವಾದ ವಿಷಯವೇನಲ್ಲ.

ಶನಿವಾರ ಬೇಲಿಯ ಹತ್ತಿರ ತಾತ ಸಿಕ್ಕರು. ಮಗ ಚಿತ್ರ ಓಡಿ ತಂದು ತೋರಿಸಿದ. ತಾತ ಕನ್ನಡಕ ಏರಿಸಿ ಬಹಳ ಗಂಭೀರವಾಗಿ ನೋಡಿದರು. "ಡಬ್ಬಿ ಜಾಸ್ತಿ ಆಯ್ತು. ಇಷ್ಟಕ್ಕೆ ಒಂದು ಎಂಜಿನ್ ಸಾಲದು, ಇನ್ನೊಂದು ಹಾಕು" ಎಂದರು. ಮಗ ಕ್ರೇಯಾನ್ ತರಲು ಒಳಗೆ ಓಡಿದ. ಆ ಸಂದಿಯಲ್ಲಿ ನಾನು ಆಫೀಸಿನ ಕಥೆ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಮನೆಯಲ್ಲೂ ಅಷ್ಟು ಹೇಳಿರಲಿಲ್ಲ.

ತಾತ ಸ್ವಲ್ಪ ಹೊತ್ತು ಗಿಡದ ಒಣಗಿದ ಎಲೆ ಕೀಳುತ್ತಿದ್ದರು. ಆಮೇಲೆ ಹೇಳಿದರು. "ನನ್ನದು ತಗೋ. ನಾನು ರಿಟೈರ್ ಆಗಿದ್ದೀನಿ. ಈಗ ಬಳಸ್ತಾ ಇಲ್ಲ."

ಪಕ್ಕದ ಮನೆಯವರು ಏಣಿಯನ್ನೋ, ಹುಲ್ಲು ಕತ್ತರಿಸುವ ಯಂತ್ರವನ್ನೋ ಕೊಟ್ಟ ಹಾಗೆ ಕೊಟ್ಟರು ಆ ಪದವನ್ನು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕೆ. ಕಣ್ಣಲ್ಲಿ ನೀರೂ ಬಂತು. ತಾತ ಅದನ್ನು ನೋಡಲಿಲ್ಲ, ಅಥವಾ ನೋಡದ ಹಾಗೆ ಇದ್ದರು. ಮಗ ಬಂದು ಎರಡನೇ ಎಂಜಿನ್ ಬರೆದ. ಅದರ ಕಿಟಕಿಯಲ್ಲಿ ತಾತನನ್ನು ಕೂರಿಸಿದ.

ಅವತ್ತೇ ರಾತ್ರಿ, ಅಂದರೆ ಅಲ್ಲಿ ಭಾನುವಾರ ಬೆಳಿಗ್ಗೆ, ಅಪ್ಪನಿಗೆ ಫೋನ್ ಮಾಡಿದೆ. ಚಿತ್ರವನ್ನು ಮೊದಲೇ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. "ಇದೇನವ್ವ, ರೈಲು ಬುಡೋ ಕೆಲ್ಸ ಸಿಕ್ತಾ?" ಎಂದ. ದನಿಯಲ್ಲಿ ಸ್ವಲ್ಪ ಖುಷಿಯೇ ಇತ್ತು. "ಸರ್ಕಾರಿ ಕೆಲ್ಸಾನಾ? ಪರ್ಮನೆಂಟಾ?"

ಇಲ್ಲ ಅಪ್ಪ ಎಂದು ಎಲ್ಲ ಹೇಳಿದೆ. ಎರಡು ವರ್ಷದಿಂದ ಹೇಳದೇ ಇದ್ದದ್ದನ್ನು. ಇಲ್ಲಿ ನನ್ನನ್ನು ಎಂಜಿನಿಯರ್ ಅನ್ನುವ ಹಾಗಿಲ್ಲ, ಹಾಗೆ ಬರೆದುಕೊಂಡಿದ್ದಕ್ಕೆ ಅಳಿಸು ಅಂದರು, ಇನ್ನೊಂದು ಪರೀಕ್ಷೆ ಬರೆಯಬೇಕು ಎಂದು. ಆ ಕಡೆ ಮೌನ. ಹಿಂದೆ ಕೋಳಿ ಕೂಗುತ್ತಿತ್ತು. ಅಮ್ಮ ಯಾರಿಗೋ ಬೈಯುತ್ತಿದ್ದಳು.

"ಅಂಗಾದ್ರೆ ನೀ ಮಾಡೋದೇನು?"

"ಮೋರಿ ಡಿಸೈನ್ ಮಾಡ್ತೀನಪ್ಪ."

"ಮೊದ್ಲು ಅದೇ ತಾನೆ ಮಾಡ್ತಿದ್ದಿದ್ದು?"

"ಹೂಂ."

"ನೀ ಮಾಡಿದ್ ಮೋರಿ ನಿಂತವಾ?"

"ನಿಂತಿವೆ. ಹೋದ ವಸಂತದಲ್ಲಿ ಹಿಮ ಕರಗಿ ನೀರು ಜೋರಾಗಿ ಬಂತು. ಏನೂ ಆಗಲಿಲ್ಲ."

"ಪೈಪು ಎಷ್ಟಡಿ?"

ಪೈಪಲ್ಲ, ಕಾಂಕ್ರೀಟ್ ಪೆಟ್ಟಿಗೆ, ಹತ್ತಡಿ ಅಗಲ ಎಂದೆ. ಹಳ್ಳ ಎಷ್ಟು ಅಗಲ, ಮೇಲ್ಗಡೆ ಜಮೀನು ಇಳಿಜಾರಾ ಎಂದೆಲ್ಲ ಕೇಳಿದ. ಹೇಳಿದೆ. ಹೂಂ ಎಂದ. ಆಮೇಲೆ ತಾನೇ ಮಾತು ತಿರುಗಿಸಿದ. ಕಟ್ಟೆ ನೂರಾ ಹದಿನೆಂಟಡಿ ಆಗಿದೆಯಂತೆ. ಕೊಡಗಿನಲ್ಲಿ ಮಳೆ ಚೆನ್ನಾಗಿದೆಯಂತೆ. ಈ ವಾರವೇ ನಾಲೆಗೆ ನೀರು ಬಿಡಬಹುದಂತೆ. ಅಪ್ಪ ನಾಲೆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ನೀರು ಬಿಡುವ ದಿನ ಗುದ್ದಲಿ ಹೆಗಲಿಗೇರಿಸಿ ಹೋಗಿ ಏರಿಯ ಮೇಲೆ ನಿಲ್ಲುತ್ತಾನೆ.

ಫೋನ್ ಇಡುವ ಮುಂಚೆ ದನಿ ತಗ್ಗಿಸಿದ. ಅಮ್ಮನಿಗೂ ಕೇಳಿಸಬಾರದು ಎನ್ನುವ ಹಾಗೆ.

"ಸರಿ ಬುಡವ್ವ. ಆದ್ರೆ ಇದ್ನ ಊರಲ್ಲಿ ಯಾರ್ಗೂ ಹೇಳ್ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇಲ್ಲಿ ಬರೆದಿದ್ದೇನೆ, ಇರಲಿ. ಅಪ್ಪ ಮೊಬೈಲಿನಲ್ಲಿ ಓದುವುದು ಕೆಆರ್‌ಎಸ್ ನೀರಿನ ಮಟ್ಟ ಒಂದನ್ನೇ.